ಕಡೆಯ ಪಂಕ್ತಿಗೆ ಹತ್ತು ನಿಮಿಷ

ನಮ್ಮ ಹೋಟೆಲಿನಲ್ಲಿ ಕೆಲಸದವರ ಮಧ್ಯಾಹ್ನದ ಊಟ ಮೂರು ಪಂಕ್ತಿಯಲ್ಲಿ ಆಗುತ್ತದೆ. ಬಡಿಸುವವರದು ಒಂದು, ಹೆಚ್ಚುವವರು ತೊಳೆಯುವವರದು ಇನ್ನೊಂದು, ಒಲೆಯ ಮುಂದೆ ನಿಲ್ಲುವವರದು ಕಡೆಯದು. ಆ ಕಡೆಯ ಪಂಕ್ತಿಯ ಕಡೆಯ ಎಲೆ ಭಟ್ರದು. ಅವರು ಮುಖ್ಯ ಅಡುಗೆಯವರು. ತಮಿಳರಿಗೆಲ್ಲ ಅವರು ಮಾಸ್ಟರ್, ನಮ್ಮಂಥ ಕುಂದಾಪುರದ ಕಡೆಯವರಿಗೆ ಭಟ್ರು. ಮೊದಲೇ ಉಂಡುಬಿಡಿ ಎಂದು ಎಷ್ಟು ಸಲ ಹೇಳಿದರೂ ಅವರದು ಒಂದೇ ಉತ್ತರ: “ಅಡುಗೆ ಮಾಡಿದವ ಮೊದ್ಲ್ ಕೂತ್ರೆ ಪಾತ್ರೆ ತಳ ಕಾಂಬುದ್ ಯಾರ್?”

ನಾನು ಮಹಡಿಯ ಆಫೀಸಿನವಳು. ಹಾಜರಿ, ರಜೆ, ಯೂನಿಫಾರಂ, ಗ್ಯಾಸ್ ಬುಕಿಂಗ್, ತರಕಾರಿ ಪಟ್ಟಿ, ಇವೆಲ್ಲ ನನ್ನ ಪಾಲಿನವು. ತಾಂಬರಂನಿಂದ ಎಲೆಕ್ಟ್ರಿಕ್ ಟ್ರೈನಿನಲ್ಲಿ ಬಂದು ಎಗ್ಮೋರಿನಲ್ಲಿ ಇಳಿದು, ಹೂವಿನವಳ ಬುಟ್ಟಿ ದಾಟಿ, ಹಿಂಬಾಗಿಲಿನಿಂದ ಮೆಟ್ಟಿಲು ಹತ್ತುವುದು ಹದಿನೇಳು ವರ್ಷದ ರೂಢಿ. ಹತ್ತೂಕಾಲಿಗೆ ಸರಿಯಾಗಿ ಕೆಳಗಿನಿಂದ ಒಂದು ಲೋಟ ಸಾಂಬಾರು ಬರುತ್ತಿತ್ತು. ಭಟ್ರು ಅಡುಗೆಯನ್ನು ಬಾಯಿಗೆ ಹಾಕಿ ನೋಡುವವರಲ್ಲ. ವಾಸನೆಯಲ್ಲೇ ಉಪ್ಪು ಹುಳಿ ಹೇಳುವವರು. ದೇವರಿಗೆ ತೋರಿಸಿ ಆದ ಮೇಲೆ ಒಂದು ಲೋಟ ನನಗೆ. “ಉಪ್ಪು ಕಾಣಿ ಅಕ್ಕ” ಎಂದು ಹೇಳಿ ಕಳಿಸುತ್ತಿದ್ದರು. ಹದಿನೇಳು ವರ್ಷದಲ್ಲಿ ಉಪ್ಪು ಕಮ್ಮಿ ಎಂದು ನಾನು ಹೇಳಿದ್ದು ಎರಡು ಸಲ. ಒಂದು ಸಲ ನನಗೇ ಜ್ವರವಿತ್ತು.

ಆ ಲೋಟ ಮೂರು ದಿನ ಬರದೇ ಹೋದದ್ದು ನನ್ನಿಂದ. ಅದನ್ನು ಇನ್ನೂ ಎಲ್ಲಿಯೂ ಸರಿಯಾಗಿ ಹೇಳಿಕೊಂಡಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಯಜಮಾನರಿಗೆ ವಯಸ್ಸಾಗಿ ಅವರ ಮಗಳು ವ್ಯವಹಾರ ನೋಡಿಕೊಳ್ಳುವುದಕ್ಕೆ ಬಂದಮೇಲೆ ಒಂದು ದೊಡ್ಡ ಆಫೀಸಿಗೆ ದಿನಾ ಮಧ್ಯಾಹ್ನದ ಊಟ ಒದಗಿಸುವ ಮಾತಾಯಿತು. ಆ ಆಫೀಸಿನವರ ಷರತ್ತು ಒಂದೇ: ಅಡುಗೆಮನೆಯಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರೂ ಶುಚಿತ್ವದ ಬಗ್ಗೆ ಆನ್‌ಲೈನ್ ಪರೀಕ್ಷೆ ಪಾಸಾಗಬೇಕು. ಪಾಸಾಗದವರು ಮೂರು ತಿಂಗಳ ನಂತರದ ಇನ್ನೊಂದು ಪರೀಕ್ಷೆಯವರೆಗೆ ಒಲೆಯ ಹತ್ತಿರ ನಿಲ್ಲುವಂತಿಲ್ಲ.

ಆ ಹುಡುಗಿ ಕೆಟ್ಟವಳಲ್ಲ. ಮನೆಯಲ್ಲಿ ಕನ್ನಡ ಕೇಳಿಯೇ ಬೆಳೆದವಳು, ಬಾಯಲ್ಲಿ ಮಾತ್ರ ಮೂರು ಭಾಷೆ ಕಲಸಿ ಬರುತ್ತದೆ. “ಆಂಟಿ, ಕ್ವೆಶ್ಚನ್ಸ್ ಅವ್ರೇ ಕೊಡ್ತಾರೆ. ನೀವು ಕನ್ನಡ, ತಮಿಳು ಎರಡರಲ್ಲೂ ಹಾಕಿಬಿಡಿ. ಟೈಮ್ ಲಿಮಿಟ್ ಕಂಡಿಪ್ಪಾ ಬೇಕೇ ಬೇಕು, ಇಲ್ಲಾಂದ್ರೆ ಪಕ್ಕದವರನ್ನ ಕೇಳ್ತಾ ಕೂತ್ಕೊತಾರೆ” ಎಂದಳು.

ಮೂವತ್ತು ಪ್ರಶ್ನೆ. ವಾರವೆಲ್ಲ ಕೂತು ಎರಡೂ ಭಾಷೆಗೆ ತಂದೆ. ಸಮಯ ಎಷ್ಟು ಇಡಬೇಕೆಂದು ತಿಳಿಯಲು ಗೋಡೆ ಗಡಿಯಾರ ನೋಡಿಕೊಂಡು ನಾನೇ ಒಮ್ಮೆ ಬರೆದೆ. ಹನ್ನೊಂದು ನಿಮಿಷ ಹಿಡಿಯಿತು. ಪ್ರಶ್ನೆಗಳನ್ನು ಎರಡೂ ಭಾಷೆಗೆ ತಂದವಳು ನಾನೇ ಎನ್ನುವುದು ಆಗ ತಲೆಗೆ ಹೋಗಲಿಲ್ಲ. ಎರಡು ಪಟ್ಟಿಗಿಂತ ಮೇಲೆ ಇರಲಿ ಎಂದು ಇಪ್ಪತ್ತೈದು ನಿಮಿಷ ಇಟ್ಟೆ. ಉದಾರವಾಗಿ ಬಡಿಸಿದವಳ ಹಾಗೆ ಸಮಾಧಾನವಾಯಿತು.

ಪರದೆಯ ಮೇಲೆ ಎರಡು ಖಾನೆ ಇದ್ದವು. ಒಂದರಲ್ಲಿ ಒಬ್ಬರಿಗೆ ಎಷ್ಟು ನಿಮಿಷ ಎಂದು ತುಂಬಬೇಕು, ಇನ್ನೊಂದರಲ್ಲಿ ಪರೀಕ್ಷೆ ಎಷ್ಟು ಗಂಟೆಗೆ ಮುಚ್ಚಬೇಕು ಎಂದು. ಅಡುಗೆಮನೆಯವರು ಹನ್ನೆರಡು ಜನ, ಟ್ಯಾಬ್ ನಾಲ್ಕು. ಹಾಗಾದರೆ ಮೂರು ಪಂಕ್ತಿ. ಇಪ್ಪತ್ತೈದರಂತೆ ಮೂರು ಸಲ ಅಂದರೆ ಒಂದೂಕಾಲು ಗಂಟೆ. ಗುರುವಾರ ಮೂರಕ್ಕೆ ಶುರು, ನಾಲ್ಕೂಕಾಲಿಗೆ ಮುಕ್ತಾಯ, ಆಮೇಲೆ ಸಂಜೆಯ ತಿಂಡಿಯ ಕೆಲಸಕ್ಕೆ ಎಲ್ಲರೂ ಇಳಿಯಬಹುದು. ಎರಡೂ ಖಾನೆ ತುಂಬಿ ಸೇವ್ ಒತ್ತಿದೆ. ಎಲ್ಲ ಪರೀಕ್ಷಿಸಿ ನೋಡಿದ್ದೇನೆ ಎಂದು ಆ ಹುಡುಗಿಗೆ ಹೇಳಿಯೂ ಬಿಟ್ಟೆ. ಷರತ್ತಿನ ಚೀಟಿಯನ್ನು ನನ್ನ ಕೈಯಲ್ಲೇ ಬರೆದು ಅಡುಗೆಮನೆಯ ಬಾಗಿಲ ಪಕ್ಕ ಅಂಟಿಸಿದೆ.

ಭಟ್ರು ಅದನ್ನು ಅಕ್ಷರ ಅಕ್ಷರ ಬಾಯಿಬಿಟ್ಟು ಓದಿದರು. ಅವರು ಓದುವುದೇ ಹಾಗೆ, ಪಂಚಾಂಗವಾದರೂ ಅಷ್ಟೇ, ಬಸ್ಸಿನ ಬೋರ್ಡಾದರೂ ಅಷ್ಟೇ. ಓದಿ ಮುಗಿಸಿ, “ಫೇಲಾದ್ರೆ ಎಂತ ಮಾಡುದ್ ಅಕ್ಕ, ನಾ ಮೂರ್ ತಿಂಗ್ಳ್ ಈರುಳ್ಳಿ ಸುಲಿಯುದಾ?” ಎಂದು ನಕ್ಕರು.

“ನೀವು ಫೇಲಾದ್ರೆ ಹೋಟ್ಲಿಗೇ ಬೀಗ ಭಟ್ರೆ” ಎಂದೆ ನಾನು.

ಗುರುವಾರ ಮೂರಕ್ಕೆ ಮಹಡಿಯ ಸಣ್ಣ ಹಾಲಿನಲ್ಲಿ ನಾಲ್ಕು ಟ್ಯಾಬ್ ಇಟ್ಟೆ. ಮೊದಲ ನಾಲ್ವರು ಬಂದು ಕೂತರು. ಅವರ ಬೆರಳಿಗೆ ನೀರು, ಅರಿಸಿನ, ಎಣ್ಣೆ. ಒತ್ತಿದರೆ ಪರದೆಗೆ ಗೊತ್ತೇ ಆಗುತ್ತಿರಲಿಲ್ಲ. ಒಬ್ಬೊಬ್ಬರ ಬೆರಳನ್ನೂ ಬಟ್ಟೆಯಲ್ಲಿ ಒರೆಸಿ, ಅವರವರ ನಂಬರು ಹಾಕಿಕೊಟ್ಟು ಶುರು ಮಾಡುವಾಗ ಮೂರು ಗಂಟೆ ಎಂಟು ನಿಮಿಷ.

ದೋಸೆ ಹಾಕುವವನು ಎಂಟೇ ನಿಮಿಷಕ್ಕೆ ಮುಗಿಸಿದ. ಮುಗಿಸಿದವನು ಏಳಲಿಲ್ಲ. ಟ್ಯಾಬನ್ನು ಮುಂದೆ ಸರಿಸಿ ಕೈಕಟ್ಟಿ ಕೂತ. ಇನ್ನಿಬ್ಬರೂ ಬೇಗನೆ ಮುಗಿಸಿದರು. ಪಕ್ಕದಲ್ಲಿ ಕಾಫಿಯವರು ಮಾತ್ರ ಇನ್ನೂ ತಿಣುಕುತ್ತಿದ್ದರು. ಪಂಕ್ತಿಯಲ್ಲಿ ಒಬ್ಬರು ಉಣ್ಣುತ್ತಿರುವಾಗ ಇನ್ನೊಬ್ಬರು ಎದ್ದು ಹೋಗುವುದು ನಮ್ಮಲ್ಲಿಲ್ಲ. ಅದನ್ನು ಯಾರೂ ಯಾರಿಗೂ ಕಲಿಸಿದ್ದಲ್ಲ. ಆ ಹೋಟೆಲಿನಲ್ಲಿ ಉಂಡವರಿಗೆಲ್ಲ, ಮಧುರೆಯವನಿಗೂ ಬಂದಿದೆ, ಒಡಿಶಾದವನಿಗೂ ಬಂದಿದೆ. ಕಾಫಿಯವರ ಇಪ್ಪತ್ತೈದು ನಿಮಿಷ ಮುಗಿದ ಮೇಲೆ ನಾಲ್ವರೂ ಒಟ್ಟಿಗೆ ಎದ್ದರು. ನೋಡಿ ನನಗೆ ಹೆಮ್ಮೆಯಾಯಿತು. ಮೂರು ಟ್ಯಾಬ್ ಅಷ್ಟು ಹೊತ್ತು ಸುಮ್ಮನೆ ಬಿದ್ದಿದ್ದವು ಎಂದು ಹೊಳೆಯಲಿಲ್ಲ. ಇಷ್ಟಕ್ಕೂ ಪಂಕ್ತಿ ಎಂದು ಹೆಸರಿಟ್ಟವಳು ನಾನೇ.

ಎರಡನೆಯ ಪಂಕ್ತಿಯೂ ಹಾಗೆಯೇ ಆಯಿತು. ಮೂರನೆಯದಕ್ಕೆ ಭಟ್ರು ಬಂದಾಗ ನಾಲ್ಕು ದಾಟಿತ್ತು. ಅವರು ಕೈ ತೊಳೆದು, ಹೆಗಲ ಬೈರಾಸದಲ್ಲಿ ಒಂದೊಂದು ಬೆರಳನ್ನೂ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಕಡೆಯ ಜಾಗದಲ್ಲಿ ಕೂತರು.

“ಹ್ವಾಯ್ ಅಕ್ಕ, ಇದ್ ಕಾಣಿ. ತೆಂಗಿನ ಚಟ್ನಿ ಹೊರಗೆ ಎಷ್ಟ್ ಹೊತ್ ಇಡ್ಲಕ್ಕ್ ಅಂಬ್ರ್. ಯಾವ ತಿಂಗ್ಳಂಗೆ? ಮೇ ತಿಂಗ್ಳಂಗಾ, ಡಿಸೆಂಬರಂಗಾ?”

“ಭಟ್ರೆ, ಮಾತಾಡುವ ಹಾಗಿಲ್ಲ. ಅದರಲ್ಲಿ ಇದ್ದದ್ದರಲ್ಲಿ ಒಂದು ಒತ್ತಿ.”

“ಒತ್ತುಕೆ ನಂಗೇನ್? ಕಾಯಿ ಯಾವತ್ತ್ ಒಡ್ದದ್ ಅಂತ್ಲೂ ಕೇಣ್ಲಿಲ್ಲೆ” ಎಂದು ಗೊಣಗಿ ಒತ್ತಿದರು. ಉಳಿದ ಮೂವರು ಮುಖ ಬಗ್ಗಿಸಿ ನಗುತ್ತಿದ್ದರು. ಭಟ್ರ ತುಟಿ ಅಲ್ಲಾಡುತ್ತಲೇ ಇತ್ತು. ನಾನು ಕಿಟಕಿಯ ಬಳಿ ನಿಂತು ತರಕಾರಿ ಪಟ್ಟಿ ನೋಡುತ್ತಿದ್ದೆ.

ಸ್ವಲ್ಪ ಹೊತ್ತಿಗೆ ನಾಲ್ವರೂ ಎದ್ದ ಸದ್ದಾಯಿತು. ಭಟ್ರು ಟ್ಯಾಬನ್ನು ಬೈರಾಸದಲ್ಲಿ ಒರೆಸಿ ನನ್ನ ಕೈಗೆ ಕೊಟ್ಟರು. “ಟೈಮ್ ಮುಗ್ದಿತ್ ಅಂಬ್ರ್ ಅಕ್ಕ” ಎಂದರು. ಮುಖದಲ್ಲಿ ನಗು ಇರಲಿಲ್ಲ.

ಮರುದಿನ ಬೆಳಿಗ್ಗೆ ಫಲಿತಾಂಶ ತೆರೆದೆ. ಹನ್ನೊಂದು ಜನ ಪಾಸು. ಭಟ್ರಿಗೆ ಮೂವತ್ತಕ್ಕೆ ಒಂಬತ್ತು. ಹದಿನೆಂಟು ಬೇಕಿತ್ತು. ಅವರ ಹೆಸರಿನ ಮುಂದೆ ಶುರುವಾದದ್ದು ನಾಲ್ಕು ಐದಕ್ಕೆ, ಮುಗಿದದ್ದು ನಾಲ್ಕು ಹದಿನೈದಕ್ಕೆ ಎಂದಿತ್ತು. ಬರೀ ಹತ್ತು ನಿಮಿಷ! ಉತ್ತರಿಸಿದ್ದು ಒಂಬತ್ತೇ ಪ್ರಶ್ನೆ. ಒಂಬತ್ತೂ ಸರಿ.

ನನಗೆ ಬಂದದ್ದು ಸಿಟ್ಟು. ಇನ್ನೂ ಹದಿನೈದು ನಿಮಿಷ ಇಟ್ಟುಕೊಂಡು ಈ ಮನುಷ್ಯ ಎದ್ದುಹೋದರಲ್ಲ, ನನ್ನನ್ನು ಏನು ಕೇಳುವುದು ಎನ್ನುವ ಗರ್ವವಲ್ಲವೇ ಇದು ಎಂದುಕೊಂಡು ಕೆಳಗಿಳಿದೆ. ಅವರು ಸಾಂಬಾರಿಗೆ ಒಗ್ಗರಣೆ ಹಾಕುತ್ತಿದ್ದರು.

“ಭಟ್ರೆ, ಸಮಯ ಇನ್ನೂ ಇತ್ತಲ್ಲ. ಯಾಕೆ ಎದ್ದಿರಿ?”

“ನಾ ಏಳ್ಲಿಲ್ಲೆ ಅಕ್ಕ. ಅದೇ ಮುಚ್ಚಿತ್.”

“ಅದು ಹಾಗೆ ತಾನಾಗಿ ಮುಚ್ಚುವುದಿಲ್ಲ ಭಟ್ರೆ. ಇಪ್ಪತ್ತೈದು ನಿಮಿಷ ಅಂತ ನಾನೇ ಇಟ್ಟದ್ದು. ನೀವು ಏನೋ ಒತ್ತಿರಬೇಕು.”

ಸುತ್ತ ಏಳೆಂಟು ಜನ ಇದ್ದರು. ಭಟ್ರು ಅವರನ್ನೂ ನನ್ನನ್ನೂ ನೋಡಿ, “ಒತ್ತಿದ್ನೋ ಏನೋ” ಎಂದು ಇಂಗಿನ ಡಬ್ಬಿಯ ಮುಚ್ಚಳ ಹಾಕಿದರು.

ಅದೇ ಅವರು ಆ ವಾರ ಹಾಕಿದ ಕಡೆಯ ಒಗ್ಗರಣೆ. ಪಟ್ಟಿ ಹನ್ನೊಂದು ಗಂಟೆಗೆ ಆ ಆಫೀಸಿಗೆ ಹೋಯಿತು. ಯಜಮಾನರ ಮಗಳು ಒಂದು ಕ್ಷಣ ಆ ಒಂದು ಹೆಸರನ್ನೇ ನೋಡುತ್ತ ಕೂತಳು. “ಮಾಸ್ಟರಾ? ಐಯೋ. ನೀವು ಎಲ್ಲಾ ಚೆಕ್ ಮಾಡಿದ್ರಿ ಅಲ್ಲ ಆಂಟಿ?”

“ಮಾಡಿದ್ದೇನೆ” ಎಂದೆ.

ಮಧ್ಯಾಹ್ನದ ಹೊತ್ತಿಗೆ ಭಟ್ರು ತಾವಾಗಿಯೇ ತಮ್ಮ ಸೌಟನ್ನು ತೊಳೆದು ಗೂಟಕ್ಕೆ ನೇತುಹಾಕಿ, ಹಿಂದಿನ ಹೆಚ್ಚುವ ಕೋಣೆಗೆ ಹೋಗಿ ಹಲಗೆಯ ಮುಂದೆ ಕೂತಿದ್ದರು. ಯಾರೂ ಹೋಗಿ ಎಂದು ಹೇಳಬೇಕಾಗಲಿಲ್ಲ.

ಆ ಸಂಜೆ ಏಳರ ಹೊತ್ತಿಗೆ ಮನೆಯಲ್ಲಿ ಬೀನ್ಸ್ ಬಿಡಿಸುತ್ತ ಈ ಕಥೆಯನ್ನು ಮಗಳಿಗೆ ಹೇಳಿದೆ. ಅವಳು ಕಾಲೇಜಿನಲ್ಲಿದ್ದಾಳೆ, ನಾನು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ. ಎರಡು ಖಾನೆಗೂ ಏನೇನು ತುಂಬಿದೆ ಎಂದು ವಿಚಾರಿಸಿದಳು. ಹೇಳಿದೆ. ಅವಳು ತಲೆ ಚಚ್ಚಿಕೊಂಡಳು.

“ಅಮ್ಮಾ, ನಾಲೇಕಾಲುಕ್ಕು ಮೂಡಿಡುಮ್ ಮಾ! ಯಾರು ಎಪ್ಪೋ ಆರಂಬಿಚ್ಚಾಲುಮ್!”

ಯಾವಾಗ ಶುರು ಮಾಡಿದರೂ ನಾಲ್ಕೂಕಾಲಿಗೆ ಮುಚ್ಚಿಹೋಗುತ್ತದೆ. ಇಪ್ಪತ್ತೈದು ನಿಮಿಷ ಎನ್ನುವುದು ಮುಚ್ಚುವ ಗಂಟೆಗೆ ಮೊದಲು ಅಷ್ಟು ಹೊತ್ತು ಉಳಿದಿದ್ದರೆ ಮಾತ್ರ. ಅಂಗಡಿಯ ಬಾಗಿಲು ಎಳೆದ ಮೇಲೆ ನನ್ನ ಪಟ್ಟಿ ಇನ್ನೂ ಇದೆ ಎಂದರೆ ನಡೆಯುತ್ತದೆಯೇ ಎಂದು ಅವಳು ಬಿಡಿಸಿ ಹೇಳಿದಳು. ಬೀನ್ಸಿನ ನಾರು ನನ್ನ ಬೆರಳಲ್ಲೇ ಉಳಿಯಿತು.

ಭಟ್ರ ಜೊತೆ ಕೂತ ಮೂವರಿಗೂ ಹತ್ತೇ ನಿಮಿಷ ಸಿಕ್ಕಿದ್ದು. ಅವರು ಚುರುಕಿನವರು, ಅಷ್ಟರಲ್ಲಿ ಮುಗಿಸಿದ್ದರು. ಅದಕ್ಕೇ ಯಾರಿಗೂ ಗೊತ್ತಾಗಲಿಲ್ಲ. “ಅದೇ ಮುಚ್ಚಿತ್” ಎಂದು ಭಟ್ರು ಹೇಳಿದ್ದು ಅಕ್ಷರಶಃ ನಿಜ. ಅವರ ಬಾಯಿಂದ “ಒತ್ತಿದ್ನೋ ಏನೋ” ಎಂದು ಹೇಳಿಸಿದವಳು ನಾನು.

ಕೊರೋನಾ ಕಾಲದಲ್ಲಿ ಇದೇ ಮಗಳು ಒಂಬತ್ತನೇ ತರಗತಿ. ಇದೇ ಊಟದ ಮೇಜಿನಲ್ಲಿ ಫೋನು ಒರಗಿಸಿಕೊಂಡು ಪರೀಕ್ಷೆ ಬರೆಯುತ್ತಿದ್ದಳು. ಒಂದು ದಿನ ನೆಟ್ ಹೋಗಿ ಬರುವಷ್ಟರಲ್ಲಿ ಮೂಲೆಯ ನಿಮಿಷಗಳು ಕರಗಿ, ಅರ್ಧ ಬರೆದದ್ದು ತಾನಾಗಿ ಹೋಗಿಬಿಟ್ಟಿತು. ಮೇಜಿಗೆ ತಲೆಯಿಟ್ಟು ಅತ್ತಿದ್ದಳು. ಮುಖ ಕಾಣದ ಯಾವಳೋ ಟೀಚರಿಗೆ, ಇವರಿಗೆಲ್ಲ ಮನೆಯಲ್ಲಿ ಮಕ್ಕಳಿಲ್ಲವೇ, ಗಡಿಯಾರವನ್ನೇ ಹೆತ್ತಿದ್ದಾರೆಯೇ ಎಂದು ನಾನು ಬಾಯಿಗೆ ಬಂದಂತೆ ಬೈದಿದ್ದೆ. ಪಕ್ಕದ ಮನೆಗೂ ಕೇಳಿಸುವ ಹಾಗೆ.

ಶನಿವಾರ ಹೇಳಬೇಕಿತ್ತು. ಟ್ರೈನಿನಲ್ಲಿ ಕೂತು ಮಾತು ಜೋಡಿಸಿಕೊಂಡೇ ಹೋದೆ. ಹತ್ತೂಕಾಲಿಗೆ ಲೋಟ ಬರಲಿಲ್ಲ. ಬರುವುದಿಲ್ಲ ಎಂದು ಗೊತ್ತಿದ್ದೂ ಮೆಟ್ಟಿಲ ಕಡೆ ನೋಡಿದೆ. ಯಜಮಾನರ ಮಗಳು ಬಂದದ್ದೇ, “ಆಂಟಿ, ಅವ್ರು ತುಂಬಾ ಹ್ಯಾಪಿ. ನಿಮ್ಮ ರಿಪೋರ್ಟ್ ಎಷ್ಟು ನೀಟಾಗಿದೆ ಅಂತ ಹೇಳಿದ್ರು” ಎಂದಳು. ಜೋಡಿಸಿಕೊಂಡ ಮಾತು ಬಿಟ್ಟು ಹಾಜರಿ ಪುಸ್ತಕ ತೆರೆದೆ. ಎಲ್ಲ ನೋಡಿದ್ದೇನೆ ಎಂದು ಒಂದಲ್ಲ ಎರಡು ಸಲ ಹೇಳಿದವಳು ನಾನು. ಸೋಮವಾರ ಹೇಳಿದರಾಯಿತು, ಶನಿವಾರ ಭಾನುವಾರ ಗಿರಾಕಿಗಳ ರಶ್ಶು, ಈಗ ಗೊಂದಲ ಮಾಡುವುದು ಬೇಡ ಎಂದು ನನಗೆ ನಾನೇ ಕಾರಣ ಹುಡುಕಿಕೊಂಡೆ.

ಶನಿವಾರ ಮಧ್ಯಾಹ್ನ ಕೆಳಗಿಳಿದಾಗ ಹೆಚ್ಚುವ ಕೋಣೆಯ ಮುಂದೆ ಹಾದು ಹೋಗಲೇಬೇಕಿತ್ತು. ಭಟ್ರು ಬೂದುಗುಂಬಳದ ತಿರುಳು ತೆಗೆಯುತ್ತಿದ್ದರು. ಹೋಳುಗಳೆಲ್ಲ ಒಂದೇ ಅಳತೆ. ಅಲ್ಲಿಂದಲೇ ಮೂಗು ಎತ್ತಿ, “ಹುಳಿ ಬೇಗ ಹಾಕಿಯಾಯ್ತ್, ಬೇಳೆ ಬೇಯ್ಲಿಲ್ಲೆ” ಎಂದು ಯಾರಿಗೂ ಅಲ್ಲದ ಹಾಗೆ ಹೇಳಿದರು. ಒಲೆಯ ಮುಂದೆ ಈಗ ಇದ್ದವನು ಅವರೇ ಕೈಹಿಡಿದು ಕಲಿಸಿದ ಎರಡನೆಯ ಅಡುಗೆಯವನು. ಅವನು ಬಾಗಿಲಿಗೆ ಬಂದು, “ಮಾಸ್ಟರ್, ವಂದು ಪಾರುಂಗಳೇನ್” ಎಂದು, ಒಮ್ಮೆ ಬಂದು ನೋಡುವಂತೆ ಬೇಡಿಕೊಂಡ. ಭಟ್ರು ಚೂರಿಯ ತುದಿಯಲ್ಲಿ ಗೋಡೆಯ ಚೀಟಿ ತೋರಿಸಿದರು. ನನ್ನ ಅಕ್ಷರ.

ಭಾನುವಾರ ಮಧ್ಯಾಹ್ನ ದಿನಾ ಬರುವ ಹಿರಿಯ ಗಿರಾಕಿಯೊಬ್ಬರು ಸಾಂಬಾರಿನ ಬಟ್ಟಲು ಅರ್ಧಕ್ಕೇ ಬಿಟ್ಟು ಎದ್ದರು. ಅವತ್ತು ಭಟ್ರು ಕಡೆಯ ಪಂಕ್ತಿಯಲ್ಲಿ ಕೂರಲಿಲ್ಲ. ಹೆಚ್ಚುವವರ ಜೊತೆ ಎರಡನೆಯ ಪಂಕ್ತಿಯಲ್ಲಿ ಕೂತು, ತಲೆ ಎತ್ತದೆ ಉಂಡರು. ಪಾತ್ರೆಯ ತಳ ನೋಡುವ ಜವಾಬ್ದಾರಿ ಈಗ ಅವರದಲ್ಲವಲ್ಲ.

ಅದನ್ನು ಕಂಡ ಮೇಲೆ ನನಗೆ ತಡೆಯಲಾಗಲಿಲ್ಲ. ಸೋಮವಾರ ಬೆಳಿಗ್ಗೆ ಯಜಮಾನರ ಮಗಳ ಮುಂದೆ ಕೂತು ಎರಡು ಖಾನೆಯ ವಿಷಯ ಹೇಳಿದೆ. ಅವಳು ಬಹಳ ಹೊತ್ತು ಪೆನ್ನು ತಿರುಗಿಸಿದಳು.

“ಲಿಸ್ಟ್ ಕಳ್ಸಿಯಾಯ್ತು ಆಂಟಿ. ಈಗ ಏನಂತ ಬರೀಲಿ?”

“ನನ್ನ ತಪ್ಪು ಅಂತ ಬರಿ.”

“ಪರವಾಯಿಲ್ಲೆ, ಅದೆಲ್ಲ ಬೇಡ. ಟೆಕ್ನಿಕಲ್ ಇಶ್ಯೂ ಅಂತ ಹಾಕ್ತೀನಿ. ಮಾಸ್ಟರಿಗೆ ಇವತ್ತೇ ತಿರುಗಿ ಟೆಸ್ಟ್ ಇಡಿ. ಈ ಸಲ ಟೈಮ್ ಬೇಡ.” ಆಮೇಲೆ ಮೆಲ್ಲಗೆ, “ಅವರಿಗೆ ನೀವೇ ಹೇಳ್ತೀರಾ, ನಾನು ಹೇಳಲಾ?” ಎಂದಳು.

ನಾನೇ ಹೇಳುತ್ತೇನೆ ಎಂದೆ.

ಭಟ್ರು ತೊಂಡೆಕಾಯಿ ಸೀಳುತ್ತಿದ್ದರು. ಮಣೆ ಎಳೆದುಕೊಂಡು ಎದುರಿಗೆ ಕೂತು ಎಲ್ಲ ಹೇಳಿದೆ. ಅವರು ಚೂರಿ ನಿಲ್ಲಿಸದೆ ಕೇಳಿದರು.

“ಹಾಂಗಾರೆ ನಾ ಹೇಳದ್ ಹೌದಲ್ದಾ? ಅದೇ ಮುಚ್ಚಿದ್ದ್.”

“ಹೌದು ಭಟ್ರೆ. ನೀವು ಏನೂ ಒತ್ತಲಿಲ್ಲ.”

“ನಾ ಮೂರ್ ದಿನ ಈ ಬೆರಳನ್ನೇ ಕಾಂತಿದ್ದೆ” ಎಂದು ಬಲಗೈಯ ತೋರುಬೆರಳು ಎತ್ತಿ ಹಿಡಿದರು. “ಎಲ್ಲಿ ತಾಗ್ತೋ ಅಂದ್ಕಂಡ್.” ಮುಖ ಸ್ವಲ್ಪ ಸಡಿಲವಾಯಿತು. ಮತ್ತೆ ಎರಡು ತೊಂಡೆಕಾಯಿ ಸೀಳಿ, ಸುಮ್ಮನೆ ಮಾತಿಗೆ ಎನ್ನುವಂತೆ, “ನಿಮ್ಗೆ ಯಾವಾಗ ಗೊತ್ತಾದ್ದ್ ಅಕ್ಕ?” ಎಂದರು.

ಸುಳ್ಳು ಹೇಳಬಹುದಿತ್ತು. ನಾಲಗೆಯವರೆಗೆ ಬಂದಿತ್ತು ಕೂಡ.

“ಶುಕ್ರವಾರ ಸಂಜೆ.”

ಚೂರಿ ನಿಂತಿತು. “ಇವತ್ತ್ ಸೋಮವಾರ” ಎಂದರು. ಅಷ್ಟೇ. ತೊಂಡೆಕಾಯಿ ಮುಗಿಯುವವರೆಗೆ ಅಲ್ಲೇ ಕೂತಿದ್ದೆ.

ಮೂರು ಗಂಟೆಗೆ ಮಹಡಿಗೆ ಬಂದರು. ನಿಮಿಷದ ಖಾನೆಯನ್ನೂ ಮುಚ್ಚುವ ಗಂಟೆಯ ಖಾನೆಯನ್ನೂ ಖಾಲಿ ಬಿಟ್ಟಿದ್ದೆ. ಪರದೆಯ ಮೂಲೆಯಲ್ಲಿ ಕರಗುವ ಅಂಕಿ ಈ ಸಲ ಇರಲಿಲ್ಲ. ಅದನ್ನು ಅವರಿಗೆ ತೋರಿಸಿ, “ಹೊತ್ತಿನ ಲೆಕ್ಕ ಇಲ್ಲ ಭಟ್ರೆ, ನಿಧಾನ ಮಾಡಿ” ಎಂದೆ. ತಲೆಯಾಡಿಸಿದರು. ನಾಲ್ಕು ಪ್ರಶ್ನೆ ಆಯಿತು, ಕತ್ತೆತ್ತಿ, “ಎಷ್ಟಾಯ್ತ್ ಅಕ್ಕ?” ಎಂದರು.

“ಲೆಕ್ಕ ಇಲ್ಲ.”

ಇನ್ನು ಮೂರು ಪ್ರಶ್ನೆ. “ಎಷ್ಟಾಯ್ತ್?”

ಚಟ್ನಿಯ ಪ್ರಶ್ನೆ ಬಂತು. ಯಾವ ತಿಂಗಳು ಎಂದು ಕೇಳುತ್ತಾರೆ, ನಗುತ್ತಾರೆ ಎಂದು ಕಾದೆ. ಕೇಳಲಿಲ್ಲ. ಪಟಕ್ಕನೆ ಒತ್ತಿ ಮುಂದೆ ಹೋದರು. ತುಟಿ ಮಾತ್ರ ಅಲ್ಲಾಡುತ್ತಿತ್ತು, ಮೊದಲಿಗಿಂತ ಬೇಗ ಬೇಗ. ಕೊರಳಿನಲ್ಲಿ ಬೆವರು ಇಳಿಯುತ್ತಿತ್ತು. ಫ್ಯಾನು ಅವರ ತಲೆಯ ಮೇಲೇ ಇತ್ತು. ಒಮ್ಮೆ ಪರದೆ ಮಂಕಾದಾಗ ಅವರು ಕೈ ಹಿಂದಕ್ಕೆಳೆದುಕೊಂಡ ರೀತಿ, ಕಾದ ಬಾಣಲೆ ತಾಗಿದವರ ಹಾಗೆ. ಮೂವತ್ತನೆಯದು ಒತ್ತಿ ಮುಗಿಸುವಾಗ ನಲವತ್ತು ನಿಮಿಷ ಆಗಿತ್ತು. ಲೆಕ್ಕ ಇಲ್ಲ ಎಂದು ಹೇಳಿದವಳು ನಾನು ಗಡಿಯಾರ ನೋಡುತ್ತಲೇ ಇದ್ದೆ.

ಮೂವತ್ತಕ್ಕೆ ಇಪ್ಪತ್ತೆಂಟು.

ಆ ಸಂಜೆಯೇ ಅವರು ಸೌಟನ್ನು ಗೂಟದಿಂದ ಇಳಿಸಿದರು. ಎರಡನೆಯ ಅಡುಗೆಯವನು ಅವರ ಕಾಲು ಮುಟ್ಟಿ, ಓಡಿಹೋಗಿ ಬೇಳೆ ತೊಳೆದ. ಮಂಗಳವಾರ ಹತ್ತೂಕಾಲಿಗೆ ಲೋಟ ಬಂತು. ಉಪ್ಪು, ಹುಳಿ, ಇಂಗು, ಎಲ್ಲ ಹದ. ನಾನು ಇಳಿದುಹೋಗಿ ಹಾಗೆಂದೆ. ಇಷ್ಟಾದರೆ ಕಥೆ ಇಲ್ಲಿಗೆ ಮುಗಿಯಿತು ಎಂದು ಯಾರಾದರೂ ಹೇಳಿಯಾರು. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಆದರೆ ಭಟ್ರು ಒಲೆಯ ಮುಂದೆ ನಿಂತು, “ಎಷ್ಟಾಯ್ತ್?” ಎಂದು ಕೇಳುವುದನ್ನು ಕಲಿತುಬಿಟ್ಟಿದ್ದರು. ಬೇಳೆಗೆ, ಒಗ್ಗರಣೆಗೆ, ಅನ್ನ ಬಸಿಯುವುದಕ್ಕೆ. ಮೂಗಿನಲ್ಲಿ ಹೊತ್ತು ತಿಳಿಯುತ್ತಿದ್ದ ಮನುಷ್ಯ ಪಕ್ಕದವನ ಮೊಬೈಲು ಬಗ್ಗಿ ನೋಡುತ್ತಿದ್ದರು. ಒಂದು ವಾರದ ಮೇಲೆ ನನ್ನನ್ನು ಕರೆದು, “ಅಡುಗೆಮನೆಗೆ ಒಂದ್ ಗಡಿಯಾರ ಹಾಕ್ಸಿ ಅಕ್ಕ” ಎಂದರು. ನಿಮಗೆ ಯಾಕೆ ಭಟ್ರೆ ಗಡಿಯಾರ ಎಂದು ನಕ್ಕು ಮುಂದೂಡಿದೆ. ಎರಡು ಸಲ ಮುಂದೂಡಿದೆ. ಮೂರನೆಯ ಸಲ ಅವರ ದನಿಯಲ್ಲಿ ತಮಾಷೆ ಇರಲಿಲ್ಲ. ತಂದು ಕೊಟ್ಟೆ. ಒಲೆಯ ಎದುರಿನ ಗೋಡೆಗೆ ಅವರೇ ಮೊಳೆ ಹೊಡೆದು ತೂಗುಹಾಕಿದರು.

ಈಗಲೂ ಪರೀಕ್ಷೆ ಇಡುವವಳು ನಾನೇ. ಮುಚ್ಚುವ ಗಂಟೆಯನ್ನು ಮರುದಿನಕ್ಕೆ ಇಡುತ್ತೇನೆ. ಪಂಕ್ತಿ ಎನ್ನುವ ಮಾತನ್ನು ಬಾಯಿಗೆ ತರುವುದಿಲ್ಲ. ಆದರೂ ಅವರು ಒಟ್ಟಿಗೇ ಏಳುತ್ತಾರೆ. ಭಟ್ರು ಊಟಕ್ಕೂ ಪರೀಕ್ಷೆಗೂ ಕಡೆಗೇ ಕೂರುವುದು. ಮುಂದೆ ಬನ್ನಿ ಎಂದು ಕರೆಯುವ ಧೈರ್ಯ ನನಗಿಲ್ಲ.

ಮೊನ್ನೆ ಗ್ಯಾಸಿನವರ ರಸೀದಿಗೆ ಸಹಿ ಮಾಡಲು ಕೆಳಗಿಳಿದಾಗ ಆ ಗಡಿಯಾರ ಕಣ್ಣಿಗೆ ಬಿತ್ತು. ನನ್ನ ಕೈಗಡಿಯಾರಕ್ಕಿಂತ ಐದು ನಿಮಿಷ ಮುಂದಿತ್ತು. ಸ್ಟೂಲು ಎಳೆದು ಸರಿಮಾಡಲು ಹೋದೆ. ಭಟ್ರು ಸೌಟು ಹಿಡಿದ ಕೈಯನ್ನು ಅಡ್ಡ ಚಾಚಿದರು.

“ಬೇಡ ಅಕ್ಕ. ನಾನೇ ಮುಂದೆ ಇಟ್ಟದ್ದ್. ಐದ್ ನಿಮಿಷ ನನ್ ಕೈಯಂಗೇ ಇರ್ಲಿ.”

ಸ್ಟೂಲಿನಿಂದ ಇಳಿದೆ.